ಟ್ಯಾಂಕು ಮೂಸುವವಳು

ಪೆಟ್ರೋಲು ಸೋರುವುದು ಮೊದಲು ಗೊತ್ತಾಗುವುದು ಮೂಗಿಗೆ. ಕಣ್ಣಿಗೆ ಕಾಣಬೇಕೆಂದರೆ ಹನಿ ಬೀಳಬೇಕು. ಬಿದ್ದ ಹನಿಯೂ ನಮ್ಮೂರ ಬಿಸಿಲಿಗೆ ಚಿಟಿಕೆ ಹೊಡೆಯುವುದರೊಳಗೆ ಆರಿಹೋಗುತ್ತದೆ. ಎಪ್ಪತ್ತರ ದಶಕದಲ್ಲಿ ಹಿರಿಯೂರಿನ ದೊಡ್ಡ ರಸ್ತೆಯ ಪಕ್ಕ ನಮ್ಮ ಮನೆಯವರದು ಟ್ಯಾಂಕು ರಿಪೇರಿಯ ಅಂಗಡಿ ಇತ್ತು. ಅಂಗಡಿ ಎಂದರೆ ಮನೆಯ ಮುಂದಿನ ತಗಡಿನ ಚಪ್ಪರ, ಅಷ್ಟೇ. ಲಾರಿ, ಜೀಪು, ಕಾರು, ಯಾವುದರ ಟ್ಯಾಂಕು ಸೋರಿದರೂ ಬಿಚ್ಚಿ, ತೊಳೆದು, ಬೆಸುಗೆ ಹಾಕಿ ಕೊಡುತ್ತಿದ್ದರು. ಅವರ ಕೈಗುಣ ಚೆನ್ನಾಗಿತ್ತು. ಹೊಳಲ್ಕೆರೆ, ಹೊಸದುರ್ಗದ ಕಡೆಯಿಂದಲೂ ಹುಡುಕಿಕೊಂಡು ಬರುತ್ತಿದ್ದರು. ಹಾಗೆ ಬಂದವರಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ನಮ್ಮ ಮನೆಯವರಿಗೆ ವಾಸನೆಯೇ ತಿಳಿಯುತ್ತಿರಲಿಲ್ಲ.

ಬೆಸುಗೆ ಹಿಡಿಯಲಿ ಎಂದು ತಗಡಿಗೆ ಆಸಿಡ್ ಹಚ್ಚುತ್ತಾರೆ. ಬಿಸಿ ತಾಗಿದ ಕೂಡಲೇ ಅದರಿಂದ ಬಿಳಿ ಹೊಗೆ ಏಳುತ್ತದೆ. ಚಿಕ್ಕ ವಯಸ್ಸಿನಿಂದ ಆ ಹೊಗೆ ಕುಡಿದೂ ಕುಡಿದೂ ಅವರ ಮೂಗು ಸತ್ತುಹೋಗಿತ್ತು. ಮದುವೆಗೆ ಮುಂಚೆ ಇದನ್ನು ನನಗೆ ಯಾರೂ ಹೇಳಲಿಲ್ಲ. ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಕನಕಾಂಬರ ಮುಡಿದು ಕಾಫಿ ಕೊಡಲು ಹೋದೆ. "ಏನು, ಘಮ್ ಅಂತೈತೆ ಹೂವು!" ಅಂದರು. ಕನಕಾಂಬರಕ್ಕೆ ಎಲ್ಲಿಯ ಘಮ? ನೋಡಲು ಚೆಂದ ಅಷ್ಟೆ, ವಾಸನೆ ಅನ್ನುವುದು ಆ ಹೂವಿಗೆ ಇಲ್ಲವೇ ಇಲ್ಲ. ನನ್ನ ಬಾಯಿ ಮೊದಲಿಂದಲೂ ಜೋರು. "ಏನ್ರಿ, ನಿಮ್ಮ ಮೂಗು ಇರಾದು ಬರೀ ಕನ್ನಡಕ ಕುಂದ್ರಿಸಾಕಾ?" ಅಂದುಬಿಟ್ಟೆ. ಅವರು ಕನ್ನಡಕವನ್ನೂ ಹಾಕುತ್ತಿರಲಿಲ್ಲ. ತಲೆ ತಗ್ಗಿಸಿ ನಕ್ಕರು. ಆಮೇಲೆ ಮೆಲ್ಲಗೆ, "ಯಾರಿಗೂ ಹೇಳಬ್ಯಾಡ ಕಣೆ. ಮೂಗು ಸತ್ತೋನ ಹತ್ರ ಯಾರು ಪೆಟ್ರೋಲ್ ಟ್ಯಾಂಕ್ ತರ್ತಾರೆ?" ಅಂದರು.

ಅವತ್ತಿನಿಂದ ಆ ಚಪ್ಪರದಡಿ ಕೈ ಅವರದು, ಮೂಗು ನನ್ನದು ಅಂತಾಯಿತು.

ಡೀಸೆಲ್ ಟ್ಯಾಂಕಿನದು ಅಷ್ಟು ಚಿಂತೆ ಇಲ್ಲ. ಪೆಟ್ರೋಲಿನದೇ ಕಷ್ಟ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಕೆಟ್ಟದ್ದು ಎಂದು ಅವರು ಹೇಳುತ್ತಿದ್ದರು. ಒಳಗೆ ಪೆಟ್ರೋಲು ಕುಲುಕಾಡದಿರಲಿ ಎಂದು ಅಡ್ಡತಗಡು ಹಾಕಿರುತ್ತಾರೆ. ಎಷ್ಟು ಬಗ್ಗಿಸಿ ಸುರಿದರೂ ಆ ಅಡ್ಡತಗಡಿನ ಹಿಂದೆ ಒಂದು ಚಮಚದಷ್ಟು ಉಳಿದುಕೊಂಡಿರುತ್ತದೆ. ಆ ಒಂದು ಚಮಚದ ಆವಿಗೆ ಬೆಂಕಿ ತಾಗಿದರೆ ಟ್ಯಾಂಕು ಸಿಡಿಯುತ್ತದೆ. ಅದಕ್ಕೇ ಬಿಸಿನೀರಿಗೆ ಬಟ್ಟೆ ಒಗೆಯುವ ಸೋಡಾ ಕದಡಿ ಟ್ಯಾಂಕಿಗೆ ತುಂಬಿ, ಒಳಗೆ ಒಂದು ಹಿಡಿ ಬೆಣಚುಕಲ್ಲು ಹಾಕಿ, ಇಬ್ಬರೂ ಎರಡು ಕಡೆ ಹಿಡಿದು ಮಗುವನ್ನು ತೂಗಿದಂತೆ ತೂಗಿ ತೊಳೆಯಬೇಕು. ನೀರು ತುಂಬಿಸಿಟ್ಟೇ ಬೆಸುಗೆ ಹಾಕಬಾರದೇ ಅಂದರೆ, ನೀರಿದ್ದರೆ ತಗಡು ಕಾಯುವುದಿಲ್ಲ, ಬೆಸುಗೆ ಹಿಡಿಯುವುದಿಲ್ಲ. ತೊಳೆದ ಮೇಲೆ ಮೂರು ದಿನ ಬಾಯಿ ಕೆಳಗೆ ಮಾಡಿ ಬಿಸಿಲಿಗೆ ಇಡಬೇಕು. ಕಡೆಯ ದಿನ ಮುಚ್ಚಳ ಬಿಗಿಮಾಡಿಟ್ಟು, ಮಾರನೆಯ ಬೆಳಿಗ್ಗೆ ತೆಗೆದ ಕೂಡಲೇ ಬಾಯಿಗೆ ಮೂಗು ಕೊಟ್ಟು ಎಳೆಯಬೇಕು. ಒಳಗೆ ಎಲ್ಲಾದರೂ ಉಳಿದಿದ್ದರೆ ಆವಿ ಕೂಡಿಕೊಂಡು ಅಷ್ಟೊತ್ತಿಗೆ ಗೊತ್ತಾಗುತ್ತದೆ. ಈ ಕೊನೆಯ ಕೆಲಸ ನನ್ನದು.

ಟ್ಯಾಂಕಿನ ಬಾಯಿ ಚಿಕ್ಕದು. ಬಲಗೈಯನ್ನು ಅದರ ಸುತ್ತ ಬೊಗಸೆಯ ಹಾಗೆ ಇಟ್ಟು, ಮೊಣಕಾಲೂರಿ ಬಗ್ಗಬೇಕು. ಬಗ್ಗಿದಾಗ ನನ್ನ ಹಸಿರು ಗಾಜಿನ ಬಳೆಗಳು ಜಾರಿ ಮುಂಗೈಗೆ ಬಂದು ತಗಡಿಗೆ ತಗುಲಿ ಟಿಣ್ ಅನ್ನುತ್ತಿದ್ದವು. ಖಾಲಿ ಟ್ಯಾಂಕು ಆ ಸಣ್ಣ ಸದ್ದನ್ನೇ ದೊಡ್ಡದು ಮಾಡುತ್ತಿತ್ತು. ಅವರು ಅಷ್ಟೊತ್ತಿಗೆ ನನಗೆ ಬೆನ್ನು ಮಾಡಿ ಕೂತು, ಬೆಸುಗೆಗೆ ಉರಿ ಉಗುಳುವ ಬ್ಲೋಲ್ಯಾಂಪಿಗೆ ಪಂಪು ಹೊಡೆಯುತ್ತಿರುತ್ತಿದ್ದರು. ನಾನು "ಏನೂ ಇಲ್ಲ" ಅಂದರೆ ಹಚ್ಚುತ್ತಿದ್ದರು. "ಇನ್ನೂ ಐತೆ" ಅಂದರೆ ಮರುಮಾತಿಲ್ಲದೆ ಟ್ಯಾಂಕನ್ನು ಮತ್ತೆ ಬಿಸಿಲಿಗೆ ಇಡುತ್ತಿದ್ದರು. ಗಿರಾಕಿ ಎಷ್ಟೇ ಕೂಗಾಡಲಿ, ಅದರಲ್ಲಿ ಮಾತ್ರ ನನ್ನ ಮಾತು ಮೀರುತ್ತಿರಲಿಲ್ಲ. ಮಿಕ್ಕ ವಿಷಯದಲ್ಲಿ ನನ್ನ ಮಾತನ್ನು ಅವರು ಕಿವಿಗೂ ಹಾಕಿಕೊಂಡವರಲ್ಲ, ಅದೂ ನಿಜ.

ಮದುವೆಯಾಗಿ ಎಂಟು ವರ್ಷವಾದರೂ ನಮಗೆ ಮಕ್ಕಳಾಗಲಿಲ್ಲ. ಇದನ್ನು ನಾನು ಅಳುತ್ತ ಕೂತು ಹೇಳುವವಳಲ್ಲ, ಆದರೆ ಮುಂದಿನದು ಅರ್ಥವಾಗಬೇಕಾದರೆ ಹೇಳಲೇಬೇಕು. ಹೊಸದುರ್ಗದಲ್ಲಿದ್ದ ನನ್ನ ತಮ್ಮನಿಗೆ ಆ ವರ್ಷ ಮಗಳು ಹುಟ್ಟಿದಳು. ನಮ್ಮಲ್ಲಿ ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಇದ್ದವಳು ನಾನೊಬ್ಬಳೇ ಸೋದರತ್ತೆ. ಆದರೆ ತಮ್ಮನ ಹೆಂಡತಿಯ ಕಡೆಯ ಹಿರಿಯಳೊಬ್ಬಳು, ಮಕ್ಕಳಿಲ್ಲದವಳ ಕೈಲಿ ಯಾಕೆ, ಬೇರೆ ಯಾರಾದರೂ ಇಡಲಿ ಅಂದಳಂತೆ. ತಮ್ಮ ಒಪ್ಪಲಿಲ್ಲ. "ನಮ್ಮಕ್ಕ ಬಂದೇ ಹೆಸರಿಡಬೇಕು" ಎಂದು ಹಟ ಹಿಡಿದ. ಕಾಗದದಲ್ಲಿ ಅದೆಲ್ಲ ಬರೆಯದಿದ್ದರೂ ಆಗುತ್ತಿತ್ತು, ಬರೆದಿದ್ದ. ಹನ್ನೆರಡಕ್ಕೆ ಮೊದಲು ಮುಹೂರ್ತ ಇದೆ, ತಡ ಮಾಡಿದರೆ ಹೆಂಡತಿಯ ಕಡೆಯವರಿಗೆ ನೆವ ಸಿಕ್ಕಂತಾಗುತ್ತದೆ, ಭಾವನನ್ನೂ ಕರೆದುಕೊಂಡು ಮೊದಲ ಬಸ್ಸಿಗೇ ಬಾ ಎಂದೂ ಬರೆದಿದ್ದ. ಆ ಕಾಗದವನ್ನು ನಾನು ಎಷ್ಟು ಸಲ ಓದಿದೆನೋ.

"ಇಬ್ರೂ ಹೋಗಾಣ. ಆ ದಿನ ಚಪ್ಪರದ ಕೆಳಗೆ ಒಂದು ಮೊಳೆಯನ್ನೂ ಮುಟ್ಟಲ್ಲ" ಅಂದಿದ್ದರು ಇವರು.

ತೊಟ್ಟಿಲಿಗೆ ಇನ್ನು ನಾಲ್ಕು ದಿನ ಇದೆ ಅನ್ನುವಾಗ ಚಿಕ್ಕಜಾಜೂರಿನಿಂದ ಒಂದು ಹಳೇ ಲಾರಿ ಬಂತು. ಮಿಲಿಟರಿಯವರು ಹರಾಜು ಹಾಕಿದ್ದ ಪೆಟ್ರೋಲ್ ಲಾರಿ. ಗೂಡ್ಸಿನಲ್ಲಿ ಬಂದ ಮಾಲನ್ನು ಸ್ಟೇಷನ್ನಿನಿಂದ ಹೊಳಲ್ಕೆರೆಯ ಅಂಗಡಿಗಳಿಗೆ ಸಾಗಿಸುತ್ತಿತ್ತು. ಟ್ಯಾಂಕಿನ ಕೆಳಗೆ ತಗಡು ಕೂಡಿಸಿದ ಜೋಡು ಬಿಟ್ಟುಕೊಂಡು ಸೋರುತ್ತಿತ್ತು. ಡ್ರೈವರು ದಾರಿಯುದ್ದಕ್ಕೂ ಬಟ್ಟೆ ಸೋಪನ್ನು ತಿಕ್ಕಿ ತಿಕ್ಕಿ ತೂತು ಮುಚ್ಚಿಕೊಂಡು ಬಂದಿದ್ದ. ಪೆಟ್ರೋಲಿಗೆ ಸೋಪು ಕರಗುವುದಿಲ್ಲ, ಹತ್ತು ಹದಿನೈದು ಮೈಲಿಗೆ ತಡೆಯುತ್ತದೆ. ಆಮೇಲೆ ಅದುರಿ ಅದುರಿ ಮತ್ತೆ ಬಿಡುತ್ತದೆ. ಅವನ ಅಂಗಿ, ಕೈ, ಟವೆಲ್ಲು ಎಲ್ಲ ಸೋಪು ಮತ್ತು ಪೆಟ್ರೋಲು ಕಲೆತು ನಾರುತ್ತಿತ್ತು. "ಅಣ್ಣ, ಸ್ಟೇಷನ್ನಾಗೆ ಸಿಮೆಂಟು ಮೂಟೆ ಬಯಲಾಗೆ ಬಿದ್ದಾವೆ. ಮಳೆ ಹೊಡೆದ್ರೆ ಎಲ್ಲ ಕಲ್ಲಾಗ್ತಾವೆ. ಜಲ್ದಿ ಮಾಡಿಕೊಡ್ರಿ" ಎಂದು ಇವರ ಕೈ ಹಿಡಿದ. ಒಳ್ಳೆಯ ಮನುಷ್ಯ. ನಾನು ಒಳಗಿನಿಂದಲೇ ಕೆಮ್ಮಿದೆ, ಬೇಡ ಅನ್ನಲಿ ಎಂದು. ಇವರು ಆಗಲೇ ಲಾರಿಯಡಿ ತೂರಿಕೊಂಡಿದ್ದರು.

ಆವತ್ತೇ ಟ್ಯಾಂಕು ಬಿಚ್ಚಿ ತೊಳೆದೆವು. ಮೊದಲ ದಿನ ಒಳ್ಳೆಯ ಬಿಸಿಲು. ಎರಡನೆಯ ದಿನ ಬೆಳಿಗ್ಗೆಯಿಂದಲೇ ಮೋಡ ಕವಿಯಿತು. ಮಳೆಯೂ ಬರಲಿಲ್ಲ, ಬಿಸಿಲೂ ಬರಲಿಲ್ಲ. ಮೂರನೆಯ ದಿನ ಮಧ್ಯಾಹ್ನದ ಮೇಲೆ ಒಂದಿಷ್ಟು ಹೊತ್ತು ಬಿಸಿಲು ಕಂಡಿತು. ಡ್ರೈವರು ಲಾರಿಯಲ್ಲೇ ಬೀಡುಬಿಟ್ಟು ಆಕಾಶ ನೋಡುತ್ತ ಕೂತಿದ್ದ.

ನಾಲ್ಕನೆಯ ದಿನ, ಅಂದರೆ ತೊಟ್ಟಿಲ ದಿನ, ನಾನು ಬೇಗ ಎದ್ದು ಮಿಂದು, ಮದುವೆಯ ಸೀರೆ ಉಟ್ಟು, ಕೂಸಿಗೆಂದು ಹೊಲಿದಿದ್ದ ಕುಲಾವಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದೆ. ಇವರು ಬನಿಯನ್ನಿನಲ್ಲಿ ಚಪ್ಪರದ ಕೆಳಗೆ ಕೂತು ತಗಡು ತಿಕ್ಕುತ್ತಿದ್ದರು. ನೋಡಿ ಮೈಯೆಲ್ಲ ಉರಿಯಿತು.

"ಏನಿದು?"

"ಒಂದು ಗಳಿಗೆ ಕೆಲಸ ಕಣೆ. ನೀನು ಈ ಬಸ್ಸಿಗೆ ಹೋಗು, ನಾನು ಹಿಂದಿನ ಬಸ್ಸಿಗೆ ಬಂದುಬಿಡ್ತೀನಿ. ಪಾಪ, ಮೂರು ದಿನದಿಂದ ಕಾಯ್ತಾ ಅವನೆ."

"ನಾನು ಎಂಟು ವರ್ಷದಿಂದ ಕಾಯ್ತಾ ಇದೀನಿ" ಅಂದೆ. ಯಾವುದಕ್ಕೆ ಎಂದು ಹೇಳಬೇಕಾಗಿರಲಿಲ್ಲ. ಅವರು ಮುಖ ಆ ಕಡೆ ತಿರುಗಿಸಿದರು. ಗಂಡನನ್ನು ಬಿಟ್ಟು ಒಬ್ಬಳೇ ಹೋಗಿ ಇಳಿದರೆ ಆ ಹಿರಿಯಳು ಏನನ್ನಬಹುದು ಎಂದು ನನಗೆ ಗೊತ್ತಿತ್ತು. ಅದನ್ನೂ ಅಂದೆ. ಇನ್ನೂ ಏನೇನೋ ಅಂದೆ. ಅವನ್ನೆಲ್ಲ ಇಲ್ಲಿ ಬರೆಯುವುದಿಲ್ಲ.

ಬಸ್ಸಿನ ಹಾರನ್ನು ಸ್ಟ್ಯಾಂಡಿನ ಕಡೆಯಿಂದ ಕೇಳಿಸಿತು. ನಾನು ಚಪ್ಪಲಿ ಮೆಟ್ಟಿ ಹೊರಟೆ. ಇವರು ಬೆನ್ನು ಮಾಡಿ ಕೂತಿದ್ದವರು ಬ್ಲೋಲ್ಯಾಂಪಿನ ಪಂಪು ಹೊಡೆಯುತ್ತಲೇ, "ಲೇ, ಮುಚ್ಚಳ ತೆಗ್ದು ಒಂದು ಸಲ ಮೂಸಿ ಹೋಗೆ" ಅಂದರು.

ಟ್ಯಾಂಕು ಚಪ್ಪರದ ಆ ತುದಿಯಲ್ಲಿ, ಎಣ್ಣೆ ಕುಡಿದು ಕಪ್ಪಾದ ನೆಲದ ಮೇಲೆ ಇತ್ತು. ಅಲ್ಲಿ ಮೊಣಕಾಲೂರಬೇಕು, ಮದುವೆಯ ಸೀರೆಯಲ್ಲಿ. ನಾನು ಹೋಗಿ ಮುಚ್ಚಳ ತಿರುಗಿಸಿ ತೆಗೆದೆ. ಪಕ್ಕದಲ್ಲಿಟ್ಟೆ. ನಿಂತೇ ಇದ್ದೆ. ಬಗ್ಗಲಿಲ್ಲ.

"ಏನೂ ಇಲ್ಲ, ಹೋಗೈತೆ" ಎಂದು ಹೇಳಿ ಹೊರಟುಬಿಟ್ಟೆ.

ಇಷ್ಟೇ ನಾನು ಮಾಡಿದ್ದು. ನೆಗಡಿಯಾಗಿತ್ತು, ತಲೆಯಲ್ಲಿದ್ದ ಮಲ್ಲಿಗೆಯ ಘಮಕ್ಕೆ ಗೊತ್ತಾಗಲಿಲ್ಲ ಎಂದೆಲ್ಲ ಹೇಳಿಕೊಳ್ಳಲು ನನಗೆ ನಾನೇ ಎಷ್ಟೋ ಸಲ ಕಲಿಸಿದ್ದೇನೆ. ಯಾವುದೂ ನಿಜವಲ್ಲ. ನನಗೆ ಕೋಪ ಬಂದಿತ್ತು, ಅವರ ಕೆಲಸಕ್ಕೆ ನನ್ನ ಮೂಗನ್ನು ಕೊಡಲು ಆ ಗಳಿಗೆ ನನಗೆ ಮನಸ್ಸಿರಲಿಲ್ಲ.

ಬಸ್ಸು ಸಿಕ್ಕಿತು. ಹೊಸದುರ್ಗದಲ್ಲಿ ತಮ್ಮ ಸ್ಟ್ಯಾಂಡಿಗೇ ಬಂದು ನಿಂತಿದ್ದ. ಭಾವ ಎಲ್ಲಿ ಅಂದ, ಹಿಂದಿನ ಬಸ್ಸಿಗೆ ಅಂದೆ. ಹನ್ನೊಂದು ಗಂಟೆಯ ಹೊತ್ತಿಗೆ ತೊಟ್ಟಿಲ ಶಾಸ್ತ್ರ ಶುರುವಾಯಿತು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಾಗ ಆ ಹಿರಿಯಳ ಮುಖವನ್ನು ನಾನು ನೋಡಲಿಲ್ಲ, ಕೂಸಿನದನ್ನೇ ನೋಡಿದೆ. ಕಿವಿಗೆ ಬಾಯಿಟ್ಟು ಮೂರು ಸಲ ಹೆಸರು ಹೇಳಿದೆ. ಹೆಸರಿಟ್ಟ ಸೋದರತ್ತೆಯ ಬೆನ್ನಿಗೆ ಹೆಂಗಸರೆಲ್ಲ ಸೇರಿ ಗುದ್ದುವುದು ವಾಡಿಕೆ. ಎಲ್ಲರೂ ನಗುತ್ತ ನನ್ನ ಬೆನ್ನಿಗೆ ಗುದ್ದಿದರು. ನಾನೂ ನಕ್ಕೆ. ಮದುವೆಯಾದ ಮೇಲೆ ಅಷ್ಟು ನಕ್ಕಿದ್ದು ನೆನಪಿಲ್ಲ. ಇವರು ಇರಬೇಕಿತ್ತು, ಬರಲಿ, ಬಂದ ಮೇಲೆ ಬೈಯುವುದು ಬೇಡ ಎಂದುಕೊಂಡೆ.

ಊಟಕ್ಕೆ ಎಲೆ ಹಾಕುತ್ತಿದ್ದಾಗ ಹಿಂದಿನ ಬಸ್ಸು ಬಂತು. ಅದರಲ್ಲಿ ಇವರು ಬರಲಿಲ್ಲ. ಕಂಡಕ್ಟರು ಮನೆ ಹುಡುಕಿಕೊಂಡು ಬಂದ. ಅವನು ನಮ್ಮ ಚಪ್ಪರದ ಮುಂದೆ ದಿನಾ ಓಡಾಡುವವನೇ. ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ, ನನಗೆ ಹೇಳಲಿಲ್ಲ. ತಮ್ಮನನ್ನು ಪಕ್ಕಕ್ಕೆ ಕರೆದ. ತಮ್ಮನ ಕೈಯಲ್ಲಿ ನೀರಿನ ತಂಬಿಗೆ ಇತ್ತು, ಅದು ಓರೆಯಾಗಿ ನೀರು ಚೆಲ್ಲುತ್ತಿದ್ದುದು ಅವನಿಗೆ ಗೊತ್ತಾಗಲಿಲ್ಲ. ನನಗೆ ಅಷ್ಟರಲ್ಲೇ ಎಲ್ಲ ತಿಳಿಯಿತು. "ಟ್ಯಾಂಕು ಸಿಡೀತಾ?" ಎಂದು ನಾನೇ ಕೇಳಿದೆ. ಕಂಡಕ್ಟರು, "ಜೀವಕ್ಕೇನೂ ಆಗಿಲ್ಲಕ್ಕ, ದುರ್ಗದ ಆಸ್ಪತ್ರೆಗೆ ಹಾಕ್ಕೊಂಡು ಹೋಗ್ಯಾರೆ" ಅಂದ.

ಹೊಳಲ್ಕೆರೆಯ ಮೇಲೆ ಚಿತ್ರದುರ್ಗಕ್ಕೆ ಹೋಗುವ ಬಸ್ಸು ಹತ್ತಿದೆವು. ದಾರಿಯಲ್ಲಿ ತಮ್ಮ ಏನೇನೋ ಧೈರ್ಯ ಹೇಳಿದ. ನಾನು ಮಡಿಲಲ್ಲಿದ್ದ ಎಲೆ ಅಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದೆ. ಬೆನ್ನು ಇನ್ನೂ ಸಣ್ಣಗೆ ನೋಯುತ್ತಿತ್ತು.

ಆಸ್ಪತ್ರೆಯಲ್ಲಿ ಅವರ ಮುಖಕ್ಕೆಲ್ಲ ಬಟ್ಟೆ ಸುತ್ತಿದ್ದರು. ಉಸಿರಾಡಲು, ಮಾತಾಡಲು ಇಷ್ಟಿಷ್ಟು ಬಿಟ್ಟಿದ್ದರು. ಜೋಡಿನ ಹತ್ತಿರ ಬೆಂಕಿ ಹಿಡಿದದ್ದೇ ತಡ, ಬಾಯಿಯ ಕಡೆಯಿಂದ ಉರಿ ಉಗುಳಿ, ತಗಡು ಹರಿದು ಮುಖಕ್ಕೆ ಬಂದಿತ್ತಂತೆ. ಡ್ರೈವರು ಇವರನ್ನು ದಾರಿಯಲ್ಲಿ ಹೋಗುತ್ತಿದ್ದ ಇನ್ನೊಂದು ಲಾರಿಗೆ ಎತ್ತಿ ಹಾಕಿಕೊಂಡು ಬಂದಿದ್ದ. ಅವನ ಎರಡು ಅಂಗೈಯೂ ಸುಟ್ಟಿದ್ದವು. ವಿಚಾರಿಸಲು ಬಂದವರು ಹೇಗಾಯಿತು ಎಂದು ಕೇಳಿದಾಗ ಇವರು, "ನಾನೇ ಅವಸರ ಮಾಡ್ದೆ ಸ್ವಾಮಿ. ಮೋಡ ಇತ್ತು, ಇನ್ನೊಂದು ದಿನ ಬಿಸಿಲಿಗೆ ಇಡಬೇಕಿತ್ತು. ನನ್ನ ಹೆಂಡ್ತಿ ಊರಲ್ಲೇ ಇರಲಿಲ್ಲ" ಅಂದರು. ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ.

ಎರಡು ಕಣ್ಣೂ ಹೋದವು.

ಎರಡು ತಿಂಗಳ ಮೇಲೆ ಕೈ ಹಿಡಿದು ಮನೆಗೆ ಕರೆತಂದೆ. ಬಂಧುಗಳು ನೋಡಲು ಬಂದರು. ಯಾರಾದರೊಬ್ಬರ ಮೇಲೆ ತಪ್ಪು ಹೊರಿಸದಿದ್ದರೆ ಜನಕ್ಕೆ ಸಮಾಧಾನವಿಲ್ಲವಲ್ಲ. ಕೆಲವರು ಲಾರಿಯವನನ್ನು ಅಂದರು, ಕೆಲವರು ಹಣೆಬರಹ ಅಂದರು. ಹೊಸದುರ್ಗದ ಆ ಹಿರಿಯಳು ಮಾತ್ರ, ಕೂಸಿನ ಕಾಲ್ಗುಣ ನೋಡಿ, ತೊಟ್ಟಿಲಿಗೆ ಹಾಕಿದ ದಿನವೇ ಮಾವನ ಕಣ್ಣು ತಿಂದಳು ಅಂದಳಂತೆ. ಅದು ಬಾಯಿಂದ ಬಾಯಿಗೆ ಹರಡಿತು. ನಾನಿಟ್ಟ ಹೆಸರನ್ನು ಬಿಟ್ಟು ಮನೆಯಲ್ಲಿ ಬೇರೆ ಹೆಸರಿನಿಂದ ಕರೆಯತೊಡಗಿದರು. ಇನ್ನೂ ಕತ್ತು ನಿಲ್ಲದ ಕೂಸು ಅದು. ಅದರದೇನೂ ತಪ್ಪಿಲ್ಲ, ತಪ್ಪು ನನ್ನದು ಎಂದು ಹೇಳಲು ನನಗೆ ಒಂದು ಉಸಿರು ಸಾಕಾಗಿತ್ತು. ಹೇಳಲಿಲ್ಲ. ಇವರಿಗೆ ಗೊತ್ತಾದರೆ ಏನಾಗುತ್ತದೋ ಎಂಬ ಹೆದರಿಕೆ. ಕಣ್ಣು ಹೋದವರು ನನ್ನ ಕೈ ಹಿಡಿದು ನಡೆಯುತ್ತಿದ್ದರು. ಆ ಕೈಯನ್ನು ಬಿಟ್ಟುಬಿಟ್ಟರೆ?

ಸುಮ್ಮನೆ ಕೂತು ಅವರಿಗೆ ಅಭ್ಯಾಸವಿಲ್ಲ. ಸ್ವಲ್ಪ ದಿನ ಜಗಲಿಯ ಕಂಬಕ್ಕೆ ಒರಗಿ ರಸ್ತೆಯ ಸದ್ದು ಕೇಳುತ್ತ, ಯಾವ ಲಾರಿ, ಯಾವ ಬಸ್ಸು ಎಂದು ಹೇಳುತ್ತಿದ್ದರು. ಒಂದು ದಿನ ಇದ್ದಕ್ಕಿದ್ದಂತೆ, "ನೀನು ಕಲಿ. ನಾನು ಹೇಳಿಕೊಡ್ತೀನಿ" ಅಂದರು. ಬೆಂಕಿಗೆ ಹೆದರಿ ನಾನು ಆಗ ಒಲೆಯನ್ನೂ ದೂರ ಕೂತು ಉದ್ದ ಕಡ್ಡಿಯಿಂದ ಹಚ್ಚುತ್ತಿದ್ದೆ. ಆಗಲ್ಲ ಅಂದೆ. "ಮೂಗು ನಿಂದೇ ಐತೆ. ಕೈಯೂ ನಿಂದೇ ಆದ್ರೆ ಆಯ್ತು" ಅಂದರು. ನಗಿಸಲು ಹೇಳಿದ ಮಾತು.

ಕಲಿತೆ. ನನ್ನ ಕೈಯ ಮೇಲೆ ಅವರ ಕೈ ಇಟ್ಟು, ತಗಡು ಎಷ್ಟು ಕಾದರೆ ಸೀಸ ನೀರಾಗುತ್ತದೆ, ಜೋಡಿನ ಉದ್ದಕ್ಕೂ ಹೇಗೆ ಎಳೆಯಬೇಕು ಎಂದು ತೋರಿಸಿದರು. ಸೋರುವ ಜಾಗವನ್ನು ಅವರು ಬೆರಳಿನಿಂದಲೇ ಹಿಡಿಯುತ್ತಿದ್ದರು. ಮೊದಮೊದಲು ಹೆಂಗಸು ಬೆಸುಗೆ ಹಾಕುತ್ತಾಳೆಂದು ಡ್ರೈವರುಗಳು ನಗುತ್ತ ನಿಂತು ನೋಡುತ್ತಿದ್ದರು. ನಾನು, "ನಗಾದಾದ್ರೆ ದೂರ ಹೋಗಿ ನಗ್ರಿ, ಬೀಡಿ ಮಾತ್ರ ಆರಿಸಿ" ಅನ್ನುತ್ತಿದ್ದೆ. ಹೋದ ಟ್ಯಾಂಕು ಮತ್ತೆ ಸೋರಿ ಬರದಿದ್ದಾಗ ಅವರ ನಗು ನಿಂತಿತು. ಚಿಕ್ಕಜಾಜೂರಿನ ಆ ಡ್ರೈವರು ಕೂಡ ಒಂದು ಸಲ ಬಂದ. ಟ್ಯಾಂಕು ತಂದಿರಲಿಲ್ಲ. ಇವರ ಪಕ್ಕ ಸುಮ್ಮನೆ ಕೂತು, ಕಾಫಿ ಕುಡಿದು ಹೋದ.

ಪ್ರತಿ ಟ್ಯಾಂಕಿಗೂ ಹಚ್ಚುವ ಮುಂಚೆ ಇವರು ಪಕ್ಕದ ಮಣೆಯ ಮೇಲೆ ತಲೆ ಓರೆ ಮಾಡಿ ಕೂತಿರುತ್ತಿದ್ದರು. ನಾನು ಮುಚ್ಚಳ ತೆಗೆದು ಬಗ್ಗಿದಾಗ ಬಳೆ ಟಿಣ್ ಅನ್ನುತ್ತಿತ್ತು. "ಏನೂ ಇಲ್ಲ" ಅನ್ನುತ್ತಿದ್ದೆ. ಆಗ ಅವರು "ಹ್ಞೂಂ, ಹಚ್ಚು" ಅನ್ನುತ್ತಿದ್ದರು. ಆ ಮಾತಿಲ್ಲದೆ ನಾನು ಹಚ್ಚಿದವಳಲ್ಲ. ಕೆಲಸದ ಕ್ರಮ ಅಂದುಕೊಂಡಿದ್ದೆ.

ಒಂದು ಬೇಸಿಗೆಯಲ್ಲಿ, ಬೆಂಕಿಯ ಹತ್ತಿರ ಬಳೆ ಕಾದು ಮುಂಗೈ ಸುಡುತ್ತದೆಂದು ಅವುಗಳ ಮೇಲೆ ಹಳೇ ಸೀರೆಯ ಅಂಚು ಸುತ್ತಿಕೊಂಡಿದ್ದೆ. ಟ್ಯಾಂಕು ಮೂಸಿ, "ಏನೂ ಇಲ್ಲ" ಅಂದೆ. ಇವರು ಹಚ್ಚು ಅನ್ನಲಿಲ್ಲ.

"ಬಗ್ಗಿದೇನು?" ಅಂದರು.

"ಬಗ್ಗಿದೆ. ಚೆನ್ನಾಗಿ ಮೂಸ್ದೆ."

"ಬಳೆ ಸದ್ದು ಬರಲಿಲ್ಲ."

"ಬಟ್ಟೆ ಸುತ್ತಿದೀನಿ ಕಣ್ರಿ, ಬಿಸಿಗೆ."

ಮಣೆಯ ಅಂಚನ್ನು ಹೆಬ್ಬೆರಳಿನಿಂದ ಸವರಿದರು. ಆಮೇಲೆ, "ಅವತ್ತೂ ಬರಲಿಲ್ಲ" ಅಂದರು.

ಅಲ್ಲೇ ನೆಲದ ಮೇಲೆ ಕೂತೆ. ಇಷ್ಟು ದಿನವೂ ಗೊತ್ತಿತ್ತು ಇವರಿಗೆ. ಆಸ್ಪತ್ರೆಯಲ್ಲಿ, ನನ್ನ ಕೈಯಿಂದ ಗಂಜಿ ಕುಡಿಯುವಾಗ, ನನ್ನ ಕೈ ಹಿಡಿದು ನಡೆಯುವಾಗ, ಗೊತ್ತಿದ್ದೇ ಕುಡಿದರು, ಗೊತ್ತಿದ್ದೇ ನಡೆದರು. ಅಳುತ್ತಲೇ ಕೇಳಿದೆ, "ಗೊತ್ತಿದ್ದೂ ಯಾಕ್ರಿ ಹಚ್ಚಿದ್ರಿ? ಒಂದು ಸಲ ಕೂಗಬಾರದಿತ್ತಾ?"

"ಕೂಗಿದ್ರೆ ನೀನು ಬರ್ತಿದ್ದೆ. ಬಂದಿದ್ರೆ ಬಸ್ಸು ತಪ್ತಿತ್ತು. ಕೂಸಿಗೆ ಹೆಸರು ಇನ್ಯಾರೋ ಇಡ್ತಿದ್ರು" ಅಂದರು. "ಇಷ್ಟೊಂದು ತೊಳೆದೀವಿ, ಏನೂ ಆಗಲ್ಲ ಅನ್ಕಂಡೆ."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನೀನೂ ಹೇಳಲಿಲ್ಲವಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಕೈ ಚಾಚಿ ಗಾಳಿಯಲ್ಲಿ ತಡಕಿ ನನ್ನ ತಲೆ ಸಿಕ್ಕ ಮೇಲೆ ಅದರ ಮೇಲೆ ಕೈಯಿಟ್ಟರು. ಹೊರಗೆ ಗಿರಾಕಿ ಕಾಯುತ್ತಿದ್ದ. "ಏಳು. ಬಟ್ಟೆ ಬಿಚ್ಚಿ ಇನ್ನೊಂದು ಸಲ ಮೂಸು" ಅಂದರು. ಬಿಚ್ಚಿದೆ. ಮೂಸಿದೆ. ಬಳೆ ಸದ್ದಾಯಿತು. "ಹ್ಞೂಂ, ಹಚ್ಚು" ಅಂದರು.

ಆ ವಾರವೇ ಹೊಸದುರ್ಗಕ್ಕೆ ಹೋಗಿ ತಮ್ಮನಿಗೆ ಎಲ್ಲ ಹೇಳಿದೆ. ಅವನು, "ಇದನ್ನ ಇನ್ಯಾರಿಗೂ ಹೇಳಬ್ಯಾಡ ಅಕ್ಕ" ಅಂದ. ಅವನಿಗೆ ನನ್ನ ಮಾನದ ಚಿಂತೆ. ಹುಡುಗಿ ಅಷ್ಟೊತ್ತಿಗೆ ಅಂಗಳದಲ್ಲಿ ಓಡಾಡುತ್ತಿದ್ದಳು. ನಾನಿಟ್ಟ ಹೆಸರಿನಿಂದ ಕರೆದೆ. ಅವಳು ತಿರುಗಿ ನೋಡಲಿಲ್ಲ, ಅದು ತನ್ನ ಹೆಸರೆಂದು ಅವಳಿಗೆ ಗೊತ್ತಿರಲಿಲ್ಲ. ತಮ್ಮನ ಮಾತನ್ನು ಇಷ್ಟು ವರ್ಷ ನಡೆಸಿದೆ. ಕಾಲ್ಗುಣ ಕೆಟ್ಟದ್ದು ಎಂಬ ಮಾತನ್ನು ಅವಳು ಬೆಳೆಯುವಾಗಲೂ ಕೇಳಬೇಕಾಯಿತು. ಈಗ ಇಲ್ಲಿ ಬರೆದಿದ್ದೇನೆ. ಅವಳು ಓದಲಿ.

ಆ ದಶಕ ಮುಗಿಯುವ ಮೊದಲೇ ಇವರು ತೀರಿಕೊಂಡರು. ಜ್ವರ ಬಂತು, ಒಂಬತ್ತು ದಿನ ಬಿಡಲಿಲ್ಲ. ದಿನ ಮಾಡಿದಂದು ಹೆಂಗಸರು ಸೇರಿ ನನ್ನ ಬಳೆ ತೆಗೆಸಿದರು. ಎಲ್ಲರೂ ನನ್ನ ಕುಂಕುಮ ನೋಡಿ ಅತ್ತರು. ನಾನು ಬಳೆಯನ್ನು ನೋಡಿ ಅತ್ತದ್ದು ಯಾಕೆಂದು ಅವರಿಗೆ ತಿಳಿಯುವಂತಿರಲಿಲ್ಲ.

ತಿಂಗಳಾದ ಮೇಲೆ ಹೊಟ್ಟೆಪಾಡಿಗೆ ಮತ್ತೆ ಚಪ್ಪರದ ಕೆಳಗೆ ಕೂರಲೇಬೇಕಾಯಿತು. ಮೊದಲು ಬಂದದ್ದು ಒಂದು ಜೀಪಿನ ಟ್ಯಾಂಕು. ತೊಳೆದೆ, ಒಬ್ಬಳೇ ತೂಗಿದೆ, ಮೂರು ದಿನ ಒಳ್ಳೆಯ ಬಿಸಿಲಿಗೆ ಇಟ್ಟೆ. ನಾಲ್ಕನೆಯ ಬೆಳಿಗ್ಗೆ ಮುಚ್ಚಳ ತೆಗೆದು, ಬೊಗಸೆ ಇಟ್ಟು, ಮೊಣಕಾಲೂರಿ ಬಗ್ಗಿದೆ. ಬರಿಗೈ ತಗಡಿಗೆ ತಗುಲಿತು, ಸದ್ದಾಗಲಿಲ್ಲ. ಉದ್ದಕ್ಕೆ ಉಸಿರೆಳೆದೆ. ಒಳಗೆ ಏನೂ ಇರಲಿಲ್ಲ, ತೊಳೆದ ತಗಡಿನ ವಾಸನೆ ಮಾತ್ರ. "ಏನೂ ಇಲ್ಲ" ಅಂದೆ, ಮಣೆಯ ಕಡೆ ನೋಡದೆ. ಆಮೇಲೆ ಬೆರಳ ಗೆಣ್ಣಿನಿಂದ ಟ್ಯಾಂಕಿನ ಅಂಚಿಗೆ ಎರಡು ಸಲ ಬಡಿದು, ಆ "ಹಚ್ಚು" ಅನ್ನುವ ಮಾತಿಗೆ ಕಾದೆ.

ಜೀಪಿನವನು ಬಂದು, "ಆಯ್ತೇನಮ್ಮ?" ಎಂದು ಕೇಳಿದ.

"ಇಲ್ಲಪ್ಪ, ನಾಳೆ ಬಾ" ಎಂದು ಹೇಳಿ, ಟ್ಯಾಂಕನ್ನು ಇನ್ನೊಂದು ದಿನ ಬಿಸಿಲಿಗೆ ಇಟ್ಟೆ.